ಮೈಕಿನ ಮುಂದೆ ಪಿಟೀಲು ಯಾಕೆ ಕೀರಲಾಗುತ್ತದೆ

ಮೈಸೂರು ಟಿ. ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕಟ್ಟಿದ್ದು ಚಮತ್ಕಾರ ತೋರಿಸಲಿಕ್ಕಲ್ಲ. ಕಿಕ್ಕಿರಿದ ಸಭೆಯಲ್ಲಿ ಹಿಂದಿನ ಸಾಲಿನವರಿಗೆ ಮಾಮೂಲಿ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ದೊಡ್ಡ ಗಾಯಕರ ಪಕ್ಕದಲ್ಲಿ ಕೂತು ನುಡಿಸುವವರಿಗೆ ಅದು ದಿನನಿತ್ಯದ ತೊಡಕು. ಚೌಡಯ್ಯ ವಾದ್ಯವನ್ನೇ ತಿದ್ದಿದರು. ಆಮೇಲೆ ಮೈಕು ಬಂತು. ಏಳು ತಂತಿಯ ಪಿಟೀಲು ಹೆಚ್ಚು ಹಬ್ಬಲಿಲ್ಲ. ಮೈಕು ಎಲ್ಲ ವೇದಿಕೆಗಳನ್ನೂ ಹಿಡಿಯಿತು. ಚೌಡಯ್ಯ ತಂತಿ ಆರಿಸುವಾಗ ತೋರಿದ ವಿವೇಚನೆಯನ್ನು ನಾವು ಮೈಕು ಆರಿಸುವಾಗ ತೋರುತ್ತಿದ್ದೇವೆಯೇ? ನಮ್ಮ ಕಚೇರಿಗಳನ್ನು ಕೇಳಿದರೆ ಹಾಗನ್ನಿಸುವುದಿಲ್ಲ. ಗಾಯಕರಿಗೂ ಅದೇ ಮೈಕು, ಪಿಟೀಲಿಗೂ ಅದೇ, ಮೃದಂಗದ ಎರಡು ಮುಚ್ಚಿಗೆಗೂ ಅದೇ, ಕೊನೆಗೆ ವಂದನಾರ್ಪಣೆ ಮಾಡುವವರ ಕೈಗೂ ಅದೇ.

ಆ 'ಅದೇ' ಮೈಕು ಬಹುತೇಕ ಡೈನಮಿಕ್ ಜಾತಿಯದು. ತೆಳುವಾದ ಪೊರೆಯ ಹಿಂದೆ ತಾಮ್ರದ ತಂತಿಯ ಪುಟ್ಟ ಸುರುಳಿ ಅಂಟಿಕೊಂಡಿರುತ್ತದೆ, ಸುರುಳಿ ಅಯಸ್ಕಾಂತದ ಸಂದಿನಲ್ಲಿ ತೂಗುತ್ತಿರುತ್ತದೆ. ದನಿ ಬಡಿದಾಗ ಪೊರೆ ಅದುರುತ್ತದೆ, ಸುರುಳಿ ಅದರ ಜೊತೆ ಹಿಂದೆ ಮುಂದೆ ಓಡಾಡುತ್ತದೆ, ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹೊರಗಿನಿಂದ ಕರೆಂಟು ಬೇಡ, ಬ್ಯಾಟರಿ ಬೇಡ. ಕೈಜಾರಿ ಬಿದ್ದರೂ ಮರುದಿನ ಕೆಲಸ ಮಾಡುತ್ತದೆ. ಮೈಕ್ ಸೆಟ್ಟಿನವರು ವರ್ಷಗಟ್ಟಲೆ ವ್ಯಾನಿನಲ್ಲಿ ಕುಲುಕಾಡಿಸಿಕೊಂಡು ಊರೂರು ತಿರುಗಲು ಇದಕ್ಕಿಂತ ಒಳ್ಳೆಯ ಜಾತಿ ಇಲ್ಲ. ಅಮೆರಿಕದ ಶೂರ್ ಕಂಪನಿ 1966ರಲ್ಲಿ ತಂದ ಎಸ್‌ಎಂ58 ಈ ಬಗೆಯ ಮಾದರಿ. ಜಗತ್ತಿನ ಅರ್ಧ ವೇದಿಕೆಗಳ ಮೇಲೆ ಅದೋ, ಅದರ ನಕಲೋ ನಿಂತಿರುತ್ತದೆ ಎಂದರೆ ಉತ್ಪ್ರೇಕ್ಷೆ ಆಗಲಾರದು.

ಅದರ ಗುಣವೂ ದೋಷವೂ ಒಂದೇ ಕಡೆ ಇವೆ. ಹೃದಯಾಕಾರದಲ್ಲಿ ಮುಂದಿನ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವ ಯಾವ ಮೈಕಿಗಾದರೂ ಒಂದು ಸ್ವಭಾವವಿದೆ: ಬಾಯಿ ಹತ್ತಿರ ಬಂದಷ್ಟೂ ಮಂದ್ರ ಉಬ್ಬುತ್ತದೆ. ತುಟಿಗೆ ಒತ್ತಿ ಹಾಡುವವರಿಗಾಗಿ ಮಾಡಿದ ಮೈಕಿನಲ್ಲಿ ಈ ಉಬ್ಬನ್ನು ಸರಿದೂಗಿಸಲು ಮಂದ್ರವನ್ನು ಮೊದಲೇ ತಗ್ಗಿಸಿರುತ್ತಾರೆ, ಮಾತು ಸ್ಪಷ್ಟವಾಗಲೆಂದು ನಾಲ್ಕೈದು ಸಾವಿರ ಹರ್ಟ್ಸ್‌ನ ಸುತ್ತ ತುಸು ಏರಿಸಿರುತ್ತಾರೆ. ರಾಕ್ ಹಾಡುಗಾರನಿಗೆ ಇದು ಸರಿಯಾದ ಲೆಕ್ಕ. ಅದೇ ಮೈಕನ್ನು ಪಿಟೀಲಿನ ಮುಂದೆ ಒಂದಡಿ ದೂರ ಇಡಿ. ಹತ್ತಿರ ಇಲ್ಲದ್ದರಿಂದ ಮಂದ್ರ ಉಬ್ಬುವುದಿಲ್ಲ, ಆದರೆ ಕಾರ್ಖಾನೆಯಲ್ಲಿ ತಗ್ಗಿಸಿದ್ದು ತಗ್ಗಿಯೇ ಇರುತ್ತದೆ. ಏರಿಸಿದ ಭಾಗ ನೇರ ಕಮಾನಿನ ಕೆರೆತದ ಮೇಲೆ ಬೀಳುತ್ತದೆ. ಮಧ್ಯಸ್ಥಾಯಿಯ ತುಂಬುದನಿ ಹೋಗಿ ಕೀರಲು ಉಳಿಯುತ್ತದೆ. ಇದನ್ನು ಕೇಳಿದವರು ಕಲಾವಿದರ ಕಮಾನುಗಾರಿಕೆಯನ್ನು ದೂರುತ್ತಾರೆ. ಸರಿ, ಹತ್ತಿರ ಇಟ್ಟರೆ? ಆಗ ಕಮಾನು ಕುದುರೆಯ ಬಳಿ ಉಜ್ಜುವ ಸದ್ದಷ್ಟೇ ಬರುತ್ತದೆ. ಪಿಟೀಲಿನ ಮರದ ಒಡಲಿನಿಂದ ಎಲ್ಲ ದಿಕ್ಕಿಗೂ ಹರಡಿ ಗಾಳಿಯಲ್ಲಿ ಬೆರೆಯುವ ನಾದ ಒಂದು ಗೇಣಿನೊಳಗೆ ಇನ್ನೂ ಕೂಡಿಕೊಂಡಿರುವುದಿಲ್ಲ.

ಪಿಟೀಲಿಗೆ ಬೇಕಾದ್ದು ಕಂಡೆನ್ಸರ್. 1916ರಲ್ಲಿ ಅಮೆರಿಕದಲ್ಲಿ ಇ. ಸಿ. ವೆಂಟೆ ರೂಪಿಸಿದ್ದು ಇದರ ಮೂಲ. ಲೋಹ ಲೇಪಿಸಿದ ಪೊರೆಯೂ ಅದರ ಹಿಂದಿನ ಸ್ಥಿರ ತಟ್ಟೆಯೂ ಸೇರಿ ಒಂದು ಕೆಪಾಸಿಟರ್ ಆಗುತ್ತವೆ. ಪೊರೆ ಅದುರಿದಂತೆ ನಡುವಣ ಸಂದು ಹೆಚ್ಚುಕಡಿಮೆಯಾಗಿ ವೋಲ್ಟೇಜು ಏರಿಳಿಯುತ್ತದೆ. ಪೊರೆ ಸುರುಳಿಯ ಭಾರ ಹೊರಬೇಕಿಲ್ಲ, ಹಾಗಾಗಿ ಅತಿ ಸೂಕ್ಷ್ಮ ಅದುರಿಗೂ ಸ್ಪಂದಿಸುತ್ತದೆ. ಮೃದಂಗದ ಚಾಪಿನ ಮೊದಲ ಕ್ಷಣ, ಬಿಲ್ಲು ದಿಕ್ಕು ಬದಲಿಸುವ ಅಂಚು, ಗಾಯಕರ 'ತ', 'ಕ'ಗಳು, ತಂಬೂರಿಯ ಜೀವಾಳ — ಇವು ಡೈನಮಿಕ್‌ನಲ್ಲಿ ಮಸುಕಾಗಿ ಬಂದರೆ ಇಲ್ಲಿ ಇದ್ದ ಹಾಗೇ ಬರುತ್ತವೆ. ಬದಲಿಗೆ ಇದು 48 ವೋಲ್ಟ್ ಕೇಳುತ್ತದೆ. ಮಿಕ್ಸರಿನಿಂದ ಅದೇ ಕೇಬಲಿನಲ್ಲಿ ಕಳಿಸುತ್ತಾರೆ. ತೇವವೂ ಇದಕ್ಕೆ ಆಗದು. ಕರಾವಳಿಯ ಯಕ್ಷಗಾನ ಮೇಳಗಳು ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ಬಯಲಿನಲ್ಲಿ ರಾತ್ರಿ ಆಡುವಾಗ ಮಂಜಿನ ಪಸೆ ಒಳಗೆ ಕೂತರೆ ಚಟಪಟ ಸದ್ದು ಶುರುವಾಗುತ್ತದೆ.

ಕಂಡೆನ್ಸರಿನ ಮೇಲೆ ನಮ್ಮ ಮೈಕ್‌ನವರು ಹೊರಿಸುವ ಇನ್ನೊಂದು ಆರೋಪವನ್ನು ಮಾತ್ರ ನಾನು ಒಪ್ಪುವುದಿಲ್ಲ. "ಅದು ದೂರದ್ದೆಲ್ಲ ಎಳೆದುಕೊಳ್ಳುತ್ತೆ ಸಾರ್, ಕುಂಯ್ ಅನ್ನುತ್ತೆ" ಎನ್ನುತ್ತಾರೆ. ಯಾವ ಮೈಕೂ ಏನನ್ನೂ ಎಳೆದುಕೊಳ್ಳುವುದಿಲ್ಲ. ಒಂದೇ ದೂರ, ಒಂದೇ ದಿಕ್ಕಿನ ಗುಣ, ಸ್ಪೀಕರಿನಲ್ಲಿ ಒಂದೇ ಗಟ್ಟಿತನ ಇದ್ದರೆ ಎರಡು ಜಾತಿಯ ಮೈಕುಗಳೂ ಹೆಚ್ಚುಕಡಿಮೆ ಒಂದೇ ಹಂತದಲ್ಲಿ ಕೂಗತೊಡಗುತ್ತವೆ. ಕಂಡೆನ್ಸರನ್ನು ದೂರ ಇಟ್ಟು, ದೂರದ ಕೊರತೆ ತುಂಬಲು ವಾಲ್ಯೂಮ್ ಏರಿಸಿ, ಕೂಗಿದಾಗ ಜಾತಿಯನ್ನು ಬೈಯುತ್ತೇವೆ. ನಿಜವಾದ ಕಟ್ಟು ದೂರದ್ದು. ದೂರ ಇಮ್ಮಡಿಯಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗುವ ಮುನ್ನ ಏರಿಸಬಹುದಾದ ಗಟ್ಟಿತನದಲ್ಲಿ 3 ಡೆಸಿಬೆಲ್ ನಷ್ಟ. ಒಂದರ ಬದಲು ಎಂಟು ಮೈಕು ತೆರೆದರೆ 9 ಡೆಸಿಬೆಲ್ ಕೈಬಿಟ್ಟು ಹೋಯಿತು. ಇಷ್ಟಾಗಿಯೂ ಘಟಕ್ಕೊಂದು, ಖಂಜಿರಕ್ಕೊಂದು, ಶ್ರುತಿಪೆಟ್ಟಿಗೆಗೊಂದು ಎಂದು ಮೈಕು ಸೇರಿಸುತ್ತಾ ಹೋಗುವುದನ್ನು ಕಲಾವಿದರೇ ಗೌರವದ ಪ್ರಶ್ನೆ ಮಾಡಿಕೊಂಡಿದ್ದಾರೆ. ಮೋರ್ಚಿಂಗಿಗೆ ಬೇಕು, ಒಪ್ಪುತ್ತೇನೆ. ಮುನ್ನೂರು ಜನ ಕೂರುವ ಸಭಾಂಗಣದಲ್ಲಿ ಘಟಕ್ಕೆ ಯಾಕೆ?

ದೂರದ ಲೆಕ್ಕ ಗಾಯನದಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಭೀಮಸೇನ ಜೋಶಿಯವರು ಕೂತಲ್ಲೇ ತಾನಿನ ಜೊತೆ ತಲೆ, ತೋಳು, ಇಡೀ ಮೈಯನ್ನು ತಿರುಗಿಸುತ್ತ ಹಾಡುತ್ತಿದ್ದವರು. ಅಂಥವರ ಬಾಯಿಗೆ 5 ಸೆಂಟಿಮೀಟರಿನಲ್ಲಿ ಮೈಕು ಇಟ್ಟಿದ್ದೀರಿ ಎನ್ನಿ. ಅವರು ಇನ್ನು 15 ಸೆಂಟಿಮೀಟರ್ ಹಿಂದೆ ಸರಿದರೆ ದೂರ ನಾಲ್ಕು ಪಟ್ಟಾಗಿ 12 ಡೆಸಿಬೆಲ್ ಮಾಯ. ತಾನಿನ ಶಿಖರದಲ್ಲಿ ದನಿ ಕುಸಿಯಿತು. ಅದೇ ಮೈಕು ಮೊದಲೇ 40 ಸೆಂಟಿಮೀಟರಿನಲ್ಲಿದ್ದರೆ ಅದೇ ಸರಿದಾಟಕ್ಕೆ ಇಳಿಯುವುದು 3 ಡೆಸಿಬೆಲಿಗಿಂತಲೂ ಕಡಿಮೆ, ಕಿವಿಗೆ ಅಷ್ಟಾಗಿ ಗೊತ್ತಾಗದಷ್ಟು. ಹಿಂದೂಸ್ತಾನಿ, ಕರ್ನಾಟಕ ಸಂಗೀತದವರಿಗೆ ಮೈಕು ತುಸು ದೂರವೇ ಇರಬೇಕು ಎನ್ನುವುದಕ್ಕೆ ಇದು ಸಾಕು. ಸಿನಿಮಾ ಹಾಡಿನ ಮಾತು ಬೇರೆ. ಪಿ. ಬಿ. ಶ್ರೀನಿವಾಸ್ ಅವರ ಮೆಲುದನಿ ಮೈಕಿಲ್ಲದ ಕಾಲದ ಕಂಪನಿ ನಾಟಕದಲ್ಲಿ ನಾಲ್ಕನೇ ಸಾಲು ದಾಟುತ್ತಿರಲಿಲ್ಲ. ಕಿವಿಯ ಬಳಿ ಪಿಸುಗುಟ್ಟಿದಂಥ ಆ ಆಪ್ತತೆಯೇ ಅವರ ಕಲೆ, ಅದಕ್ಕೆ ಮೈಕು ಸಾಧನವಷ್ಟೇ ಅಲ್ಲ, ವಾದ್ಯವೂ ಹೌದು. ಹತ್ತಿರದ ಮೈಕು ತಪ್ಪೆಂದು ನಾನು ಹೇಳುತ್ತಿಲ್ಲ. ಎರಡು ಬೇರೆ ಗಾಯನಕ್ರಮಗಳಿಗೆ ಒಂದೇ ಅಳತೆ ಹಿಡಿಯಬಾರದು ಅನ್ನುತ್ತಿದ್ದೇನೆ.

ಮೂರನೆಯ ಜಾತಿಯಾದ ರಿಬ್ಬನ್ ಮೈಕನ್ನು ನಮ್ಮ ವೇದಿಕೆಗಳಲ್ಲಿ ಕಾಣುವುದೇ ಇಲ್ಲ, ಆದರೂ ಅದರ ಬಗ್ಗೆ ನನಗೆ ಪಕ್ಷಪಾತವಿದೆ. ಜರ್ಮನಿಯಲ್ಲಿ 1920ರ ದಶಕದಲ್ಲಿ ಷಾಟ್ಕಿ ಮತ್ತು ಗೆರ್ಲಾಕ್ ರೂಪಿಸಿದ್ದು. ಕೆಲವೇ ಮೈಕ್ರಾನ್ ದಪ್ಪದ ಅಲ್ಯುಮಿನಿಯಮ್ ಪಟ್ಟಿಯೊಂದು ಅಯಸ್ಕಾಂತದ ನಡುವೆ ತೂಗುತ್ತದೆ, ಅದೇ ಪೊರೆ, ಅದೇ ತಂತಿ. ದನಿಯ ಮೊನೆಗಳನ್ನು ಅದು ಸೌಮ್ಯವಾಗಿ ಹಿಡಿಯುತ್ತದೆ. ಪಿಟೀಲಿನ ಕೀರಲಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಅದು ಹಿಂದೆ ಮುಂದೆ ಎರಡೂ ಕಡೆ ಕೇಳುತ್ತದೆ, ಎಡಬಲಕ್ಕೆ ಕಿವುಡು. ನಮ್ಮ ಕಚೇರಿಯ ಕೂರುವ ಕ್ರಮ ಏನು? ಗಾಯಕರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಗಾಯಕರ ಎದುರಿಗೆ ಒಂದು ರಿಬ್ಬನ್ ಇಟ್ಟರೆ ಪಕ್ಕವಾದ್ಯಗಳೆರಡೂ ಅದರ ಕಿವುಡು ಬದಿಗಳತ್ತಲೇ ಇರುತ್ತವೆ. ಹೇಳಿ ಮಾಡಿಸಿದ ಹಾಗಿದೆ. ಆದರೆ ಹಿಂಬದಿಯ ಕಿವಿ ಸಭಿಕರತ್ತ, ಸ್ಪೀಕರುಗಳಿಂದ ತುಂಬಿದ ಸಭಾಂಗಣದತ್ತ ತೆರೆದಿರುತ್ತದಲ್ಲ, ಕೂಗು ಅಲ್ಲಿಂದ ಬರುತ್ತದೆ. ಜೊತೆಗೆ ಹೊರಡುವ ವಿದ್ಯುತ್ ತೀರ ಕಡಿಮೆ, ಜೋರಾದ ಗಾಳಿ ಬೀಸಿದರೂ ಪಟ್ಟಿ ಜಗ್ಗಿಹೋಗಬಹುದು. ಫ್ಯಾನುಗಳು ತಿರುಗುವ ಚಪ್ಪರದಲ್ಲಿ ಇದು ಆಗದ ಮಾತು. ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುವವರು ಕಚೇರಿಯ ಕ್ರಮದಲ್ಲೇ ಎಲ್ಲರನ್ನೂ ಕೂರಿಸಿ ಇದನ್ನೊಮ್ಮೆ ಪ್ರಯತ್ನಿಸಬೇಕು.

ಚಪ್ಪರ ಎಂದಾಗ ನೆನಪಾಗುವುದು ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳು. ಅಂಥ ಬಯಲು ಜಾಗದಲ್ಲಿ, ರಸ್ತೆಯ ಗದ್ದಲದ ನಡುವೆ, ಡೈನಮಿಕ್ಕೇ ಸರಿ. ಕಂಡೆನ್ಸರ್ ಹಿಡಿಯುವ ನವಿರನ್ನು ಅಲ್ಲಿ ಆಟೋರಿಕ್ಷಾ ನುಂಗಿಹಾಕುತ್ತದೆ. ಹಳ್ಳಿಯ ಜಾತ್ರೆಯಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿಗಂತೂ ಒಳ್ಳೆಯ ಮೈಕು ಕೊಡುವುದೇ ದುಂದು. ಹಾರ್ನಿನಿಂದ ಮಂದ್ರ ಹೊರಬರುವುದೇ ಇಲ್ಲ.

ಯಕ್ಷಗಾನದಲ್ಲಿ ಮೈಕು ರಂಗದ ನಡೆಯನ್ನೇ ಬದಲಿಸಿದೆ. ಚೆಂಡೆಯ ಅಬ್ಬರದ ಪಕ್ಕದಲ್ಲಿ ಭಾಗವತರ ಬಾಯಿಗೆ ಒತ್ತಿದ ಡೈನಮಿಕ್ ಒಪ್ಪುವಂಥದ್ದೇ: ಬಾಯಿ ಎರಡು ಬೆರಳು ದೂರ, ಚೆಂಡೆ ಎರಡು ಮಾರು ದೂರ, ಆ ಅನುಪಾತವೇ ಪದ್ಯವನ್ನು ಉಳಿಸುತ್ತದೆ. ಮುಮ್ಮೇಳದ ಕತೆ ಬೇರೆ. ರಂಗದ ಮುಂದೆ ನಿಲ್ಲಿಸಿದ ಅಥವಾ ಮೇಲಿನಿಂದ ಇಳಿಬಿಟ್ಟ ಮೈಕಿದ್ದಲ್ಲಿಗೆ ವೇಷಗಳು ಕುಣಿತ ಮುಗಿಸಿ ಬಂದು ನಿಂತು ಅರ್ಥ ಹೇಳುತ್ತವೆ; ದೇವೇಂದ್ರನೂ ದೈತ್ಯನೂ ಒಂದೇ ಕೋಲಿನ ಎರಡು ಬದಿಗೆ. ಕಾಲರ್ ಮೈಕು ಇದಕ್ಕೆ ಪರಿಹಾರ ಎಂದುಕೊಂಡವರಿದ್ದಾರೆ. ಅದು ಎಲೆಕ್ಟ್ರೆಟ್, ಕಂಡೆನ್ಸರಿನದೇ ಕುಲ. ಬೆಲ್ ಲ್ಯಾಬ್ಸ್‌ನ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ್ದು. ವಿದ್ಯುದಂಶವನ್ನು ಪೊರೆಯಲ್ಲೇ ಶಾಶ್ವತವಾಗಿ ಕೂಡಿಟ್ಟಿರುವುದರಿಂದ 48 ವೋಲ್ಟ್ ಬೇಡ, ಗುಂಡಿಯಷ್ಟು ಚಿಕ್ಕದಾಗಿ ಅಗ್ಗವಾಗಿ ಮಾಡಬಹುದು. ಆದರೆ ಎದೆಕಟ್ಟು, ಮಣಿಸರ, ಬೆವರು ಇವುಗಳ ನಡುವೆ ಸಿಕ್ಕಿಸಿದ ಗುಂಡಿ ಮೈಕು ಮಾತಿಗಿಂತ ಒಡವೆಯ ಕರಕರವನ್ನೇ ಹೆಚ್ಚು ಕೇಳಿಸುತ್ತದೆ. ಕುಣಿತಕ್ಕೂ ಮಾತಿಗೂ ಜಾಗ ಬೇರೆ ಮಾಡಿದ ಹಳೆಯ ಏರ್ಪಾಡೇ ನನಗೆ ವಾಸಿ ಅನ್ನಿಸುತ್ತದೆ. ತಾಳಮದ್ದಳೆಯಲ್ಲಿ ಇಂಥ ತೊಂದರೆ ಇಲ್ಲ. ಅರ್ಥಧಾರಿಗಳು ಕೂತೇ ಇರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಮೈಕು, ಮಾತಿನ ತಗ್ಗು ಎತ್ತರವೆಲ್ಲ ಕೇಳುತ್ತದೆ. ಕರ್ಣನ ಖೇದವನ್ನು ಅರೆದನಿಯಲ್ಲಿ ಹೇಳಿ ಸಭೆಯನ್ನು ಹಿಡಿಯುವುದು ಸಾಧ್ಯವಾಗಿದ್ದರಲ್ಲಿ ಮೈಕಿನ ಪಾಲು ದೊಡ್ಡದು.

ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನ ಬಗ್ಗೆ ನನ್ನ ತೀರ್ಪು ಕಟುವಾದದ್ದು. ಅದು ಗಾಳಿಯ ಅದುರನ್ನು ಕೇಳುವುದೇ ಇಲ್ಲ, ಮರದ ಅದುರನ್ನು ನೇರ ಹಿಡಿಯುತ್ತದೆ. ಕೂಗು ಸುಲಭಕ್ಕೆ ಬಾರದು, ಸಣ್ಣ ಗಮಕವೂ ದೂರಕ್ಕೆ ಕೇಳುತ್ತದೆ, ಮೀಟಿದ ನಾದ ಬಹಳ ಹೊತ್ತು ನಿಲ್ಲುತ್ತದೆ. ವೈಣಿಕರು ಅದಕ್ಕೆ ಮರುಳಾದದ್ದು ಸಹಜ. ಆದರೆ ಕೊಡದೊಳಗಿನ ಗಾಳಿಯ ಮಾತನ್ನು ಕಳೆದುಕೊಂಡ ವೀಣೆ ಗಿಟಾರಿನ ಕಡೆಗೆ ವಾಲುತ್ತದೆ, ಮೀಟಿನ ಪೆಟ್ಟು ಲೋಹದ ಟಕ್ ಆಗುತ್ತದೆ. ಕೊಡದಿಂದ ಒಂದಡಿ ದೂರ ಒಂದು ಸಣ್ಣ ಕಂಡೆನ್ಸರ್ ಇಟ್ಟು, ಕಾಂಟ್ಯಾಕ್ಟನ್ನು ಕೇವಲ ಒತ್ತಾಸೆಗೆ ಬೆರೆಸಿದರೆ ವೀಣೆ ವೀಣೆಯಾಗಿ ಉಳಿಯುತ್ತದೆ. ಇದಕ್ಕೆ ಮೃದಂಗದವರೂ ತಮ್ಮ ಮೈಕನ್ನು ತಗ್ಗಿಸಲು ಒಪ್ಪಬೇಕು, ಅಲ್ಲೇ ಕೆಲಸ ಕೆಡುವುದು.

ಈಗ ಕಚೇರಿಗಳನ್ನು ಬಹಳ ಮಂದಿ ಕೇಳುವುದು ಮುಂದಿನ ಸಾಲಿನಲ್ಲಿ ಯಾರೋ ಎತ್ತಿ ಹಿಡಿದ ಫೋನಿನ ಮೂಲಕ. ಸಿಲಿಕಾನ್ ಚಿಪ್ಪಿನ ಮೇಲೆ ಕೆತ್ತಿದ ಅದರ ಮೈಕು ಅಕ್ಕಿಕಾಳಿನಷ್ಟು ಚಿಕ್ಕದು, ಎಲ್ಲ ದಿಕ್ಕನ್ನೂ ಸಮನಾಗಿ ಕೇಳುವಂಥದ್ದು, ಗುಣದಲ್ಲಿ ತೆಗೆದುಹಾಕುವಂಥದ್ದಲ್ಲ. ಕೆಡಿಸುವುದು ಅದರ ಹಿಂದಿನ ಲೆಕ್ಕಾಚಾರ: ದನಿ ಇಳಿದಾಗ ತಾನೇ ಏರಿಸುತ್ತದೆ, ಏರಿದಾಗ ತಾನೇ ಅದುಮುತ್ತದೆ. ಆಲಾಪನೆಯಲ್ಲಿ ಗಾಯಕರು ಉಸಿರೆಳೆದುಕೊಂಡ ಕಡೆ ತಂಬೂರಿ, ಕೆಮ್ಮು, ಫ್ಯಾನು ಉಬ್ಬಿ ಬರುತ್ತವೆ. ತಾರಸ್ಥಾಯಿಗೆ ಮುಟ್ಟಿದಾಗ ಎಲ್ಲವೂ ಕುಗ್ಗುತ್ತದೆ. ಕೆಲವು ರೆಕಾರ್ಡಿಂಗ್ ಆ್ಯಪ್‌ಗಳಲ್ಲಿ ಈ ಏರಿಳಿಕೆಯನ್ನು ನಿಲ್ಲಿಸಲು ಒಂದು ಸ್ವಿಚ್ಚಿರುತ್ತದೆ. ಮೃದಂಗದ ತನಿ ಶುರುವಾಗುವ ಮುಂಚೆಯಾದರೂ ಏರಿಳಿಕೆಯನ್ನು ನಿಲ್ಲಿಸಿಕೊಳ್ಳಿ.