ಹದಿಹರೆಯದ ನಾಲ್ಕು ರಾಕ್ ಹಾಡುಗಳು: ಒಂದು ಮರುಪರಿಶೀಲನೆ

ಹದಿನಾರರ ವಯಸ್ಸಿನಲ್ಲಿ ಮೆಚ್ಚಿದ ಹಾಡನ್ನು ನಲವತ್ತು ದಾಟಿದ ಮೇಲೆ ವಿಮರ್ಶಿಸಹೊರಟರೆ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ನಮಗೆ ಇಂದಿಗೂ ಹಿಡಿಸುತ್ತಿರುವುದು ಆ ಹಾಡೋ, ಅದಕ್ಕೆ ಅಂಟಿಕೊಂಡಿರುವ ನಮ್ಮ ವಯಸ್ಸೋ? ಎರಡನ್ನೂ ಬಿಡಿಸಿ ನೋಡುವ ಚಿಕ್ಕ ಪ್ರಯತ್ನ ಈ ಲೇಖನ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಾರಕೂನನಾಗಿರುವವನು. ಆದರೆ ಈ ಹಾಡುಗಳನ್ನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಅಷ್ಟು ಅಧಿಕಾರ ನನಗೆ ಇದೆ ಎಂದುಕೊಳ್ಳುತ್ತೇನೆ.

1991ರಲ್ಲಿ ಸ್ಟಾರ್ ಟಿ.ವಿ. ನಮ್ಮ ದೇಶಕ್ಕೆ ಬಂದಾಗ ಅದರ ಜೊತೆಗೇ ಎಂ.ಟಿ.ವಿ. ಬಂತು, 1994ರಲ್ಲಿ ಅದರ ಜಾಗಕ್ಕೆ ಚಾನೆಲ್ ವಿ ಬಂತು. ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಕೇಬಲ್ ತಂತಿ ಹಾಕಿಸಿದ ಮೇಲೆ ಶಾಲೆಯ ಹುಡುಗರ ಮಾತೆಲ್ಲ ಅದರ ಬಗ್ಗೆಯೇ. ಮೆಚ್ಚಿದ ಹಾಡುಗಳನ್ನು ಖಾಲಿ ಕ್ಯಾಸೆಟ್‌ನಲ್ಲಿ ತುಂಬಿಸಿಕೊಳ್ಳುತ್ತಿದ್ದೆವು. ತೊಂಬತ್ತು ನಿಮಿಷದ ಕ್ಯಾಸೆಟ್ ಎಂದರೆ ಒಂದು ಬದಿಗೆ ನಲವತ್ತೈದು ನಿಮಿಷ. ಗನ್ಸ್ ಅಂಡ್ ರೋಸಸ್ ತಂಡದ 'ನವೆಂಬರ್ ರೇನ್' ಒಂದೇ ಸುಮಾರು ಒಂಬತ್ತು ನಿಮಿಷ ನುಂಗುತ್ತಿತ್ತು. ಅದಕ್ಕೆ ಜಾಗ ಮಾಡಲು ಬೇರೆ ಎರಡು ಹಾಡು ಬಿಡಬೇಕು. ನಮ್ಮ ವಿಮರ್ಶೆಯ ಮೊದಲ ಪಾಠ ಅದೇ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಆ ಹಾಡುಗಳ ಇಂಗ್ಲಿಷ್ ಶಬ್ದಗಳು ನಮಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೂ ಯಾಕೆ ಅಷ್ಟು ಹಚ್ಚಿಕೊಂಡೆವು? ನಮ್ಮ ಮನೆಯಲ್ಲಿ ಧಾರವಾಡದ ಕನ್ನಡ, ಓಣಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಓಣಿಯವರಿಗೆ ನಾವು 'ಕಾನಡಿ'. ಸೂಟಿಗೆ ಊರಿಗೆ ಹೋದರೆ 'ಮುಂಬಯಿಯವರು'. ಬಾಯಿ ತೆರೆದ ಕೂಡಲೇ ಎಲ್ಲಿಯವರೆಂದು ಗೊತ್ತಾಗಿಬಿಡುತ್ತಿತ್ತು. ರಾಕ್ ಹಾಡಿನ ಮುಂದೆ ಮಾತ್ರ ಮರಾಠಿ ಹುಡುಗ, ಗುಜರಾತಿ ಹುಡುಗ, ನಾನು ಎಲ್ಲರೂ ಒಂದೇ ರೀತಿ ಪರಕೀಯರು. ಹೆಸರು, ಊರು ಕೇಳದೆ ಇಳಿಸಿಕೊಳ್ಳುವ ಧರ್ಮಶಾಲೆ ಅದು. ಪ್ರವಾಸಿ ಕುಟುಂಬಗಳ ಮಕ್ಕಳಿಗೆ ಇದು ಸಣ್ಣ ಸಮಾಧಾನವಲ್ಲ. ಇದು ವಯಸ್ಸಿನ ಋಣ. ಇನ್ನು ಹಾಡುಗಳ ಸ್ವಂತ ಗುಣ ನೋಡೋಣ.

ಮೊದಲನೆಯದು ಜರ್ಮನಿಯ ಸ್ಕಾರ್ಪಿಯನ್ಸ್ ತಂಡದ 'ವಿಂಡ್ ಆಫ್ ಚೇಂಜ್'. 1989ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ನಡೆದ ಶಾಂತಿ ಸಂಗೀತೋತ್ಸವದಲ್ಲಿ ಹಾಡಿ ಬಂದ ಮೇಲೆ ಗಾಯಕ ಕ್ಲೌಸ್ ಮೈನೆ ಇದನ್ನು ಬರೆದರು. ಅದೇ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಹಾಡು ಕಾಲದ ಬೆನ್ನೇರಿ ಹೊರಟಿತು. ಅದರ ಸಿಳ್ಳೆಯನ್ನು ಊದದ ಹುಡುಗ ನಮ್ಮ ಕಟ್ಟಡದಲ್ಲಿರಲಿಲ್ಲ. ಆದರೆ ಕಾಲದ ಬೆನ್ನೇರಿದವರಿಗೆ ಕಾಲವೇ ಕೆಳಗಿಳಿಸುವ ಭಯವೂ ಉಂಟು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಮೈನೆಯವರೇ ರಂಗದ ಮೇಲೆ ಹಾಡಿನ ಆರಂಭದ ಮಾತುಗಳನ್ನು ಬದಲಿಸಿ ಹಾಡಿದರು. ಅದು ಕಲಾವಿದನ ಪ್ರಾಮಾಣಿಕತೆ ಎಂಬುದು ನಿಜ. ಹಾಡು ಅನುಭವವಾಗದೆ ಘೋಷಣೆಯಾಗಿಯೇ ಉಳಿದಿತ್ತು ಎಂಬುದಕ್ಕೆ ಸಾಕ್ಷಿಯೂ ಹೌದು. ಇಂದು ಉಳಿದಿರುವುದು ಆ ಸಿಳ್ಳೆ ಮಾತ್ರ.

ಎರಡನೆಯದು ಅಮೆರಿಕದ ಮೆಟಾಲಿಕಾ ತಂಡದ 'ನಥಿಂಗ್ ಎಲ್ಸ್ ಮ್ಯಾಟರ್ಸ್' (1991). ಜೇಮ್ಸ್ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತ, ಇನ್ನೊಂದು ಕೈಯಿಂದ ಗಿಟಾರಿನ ತಂತಿಗಳನ್ನು ಮೀಟುತ್ತ ಇದ್ದಾಗ ಇದು ಹುಟ್ಟಿತಂತೆ. ಎಡಗೈಯಿಂದ ಒತ್ತದ, ಬರಿಯ ತೆರೆದ ತಂತಿಗಳಿಂದಲೇ ಹಾಡು ಆರಂಭವಾಗುತ್ತದೆ. ನಮ್ಮಪ್ಪ ಭೀಮಸೇನ ಜೋಶಿಯವರ ಭಕ್ತ. ನನ್ನ ಕ್ಯಾಸೆಟ್ ಹಚ್ಚಿದಾಗಲೆಲ್ಲ, "ಏನ್ ಒದರತಾನಲೇ ಅವ? ಸಣ್ಣಂದು ಮಾಡು" ಎನ್ನುವರು. ಈ ಹಾಡಿಗೆ ಮಾತ್ರ ಪೇಪರ್ ಓದುತ್ತಲೇ ತೊಡೆಯ ಮೇಲೆ ಬೆರಳು ಆಡಿಸಿ, "ಆರು ಮಾತ್ರೀದ್ದು. ನಮ್ಮ ದಾದ್ರಾ ಇದ್ದಂಗ ಅದನೋ" ಎಂದಿದ್ದರು. ಮಾತ್ರೆಗಳ ಲೆಕ್ಕ ಸರಿಯಾಗಿಯೇ ಇತ್ತು. ಅಬ್ಬರಕ್ಕೇ ಹೆಸರಾದ ತಂಡ ಇಲ್ಲಿ ಅವಸರವಿಲ್ಲದೆ ಹಂತಹಂತವಾಗಿ ಏರುತ್ತದೆ, ಕೊನೆಗೆ ಮತ್ತೆ ಆ ತೆರೆದ ತಂತಿಗಳಿಗೇ ಇಳಿಯುತ್ತದೆ. ಮಾತುಗಳು ಸಾಧಾರಣ, ಕಟ್ಟಡ ಗಟ್ಟಿ. ಈ ಹಾಡು ನಿಂತಿದೆ.

ಮೂರನೆಯದಕ್ಕೆ ಬರುವ ಮುನ್ನ ಬಿ.ಎಸ್‌ಸಿ.ಯ ಭೌತಶಾಸ್ತ್ರದ ಒಂದು ಮಾತು. ಈ ಸಂಗೀತದ ಕರ್ಕಶ ಧ್ವನಿಗೆ ಡಿಸ್ಟಾರ್ಷನ್ ಎನ್ನುತ್ತಾರೆ. ಗಿಟಾರಿನ ವಿದ್ಯುತ್ ಸಂಕೇತವನ್ನು ಆಂಪ್ಲಿಫಾಯರ್ ತಾಳಲಾರದಷ್ಟು ಹೆಚ್ಚಿಸಿದರೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಆಗ ಮೂಲ ಸ್ವರದ ಮೇಲೆ ಹೊಸ ಹಾರ್ಮೋನಿಕ್ ಸ್ವರಗಳು ಹುಟ್ಟುತ್ತವೆ. ಆ ಸ್ಥಿತಿಯಲ್ಲಿ ಮೂರು ಸ್ವರಗಳನ್ನು ಕೂಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕಾಗಿ ಷಡ್ಜ, ಪಂಚಮ ಎರಡನ್ನೇ ಇಟ್ಟುಕೊಂಡು ಗಾಂಧಾರವನ್ನು ಬಿಡುತ್ತಾರೆ. ಹರ್ಷವೋ ವಿಷಾದವೋ ಎಂದು ಹೇಳಬೇಕಾದ ಸ್ವರ ಗಾಂಧಾರವೇ. ಅದಿಲ್ಲದ್ದರಿಂದ ಈ ಗಿಟಾರ್ ನಗುವುದೂ ಇಲ್ಲ, ಅಳುವುದೂ ಇಲ್ಲ; ತಂಬೂರಿಯಂತೆ ನೆಲ ಹಾಸಿಕೊಡುತ್ತದೆ. ಭಾವವನ್ನು ಗಾಯಕನೇ ತರಬೇಕು.

ನಿರ್ವಾಣಾ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' (1991) ಈ ಗುಟ್ಟನ್ನು ಚೆನ್ನಾಗಿ ಬಲ್ಲ ಹಾಡು. ಆದಿಯಿಂದ ಅಂತ್ಯದವರೆಗೆ ಹೆಚ್ಚುಕಡಿಮೆ ಅವೇ ನಾಲ್ಕು ಸ್ವರಗುಚ್ಛಗಳು. ನುಡಿಯಲ್ಲಿ ಗೊಣಗಾಟ, ಪಲ್ಲವಿಯಲ್ಲಿ ಆಸ್ಫೋಟ. ಈ ಮೆಲುದನಿ-ಗಟ್ಟಿದನಿಯ ಉಪಾಯವನ್ನು ಪಿಕ್ಸೀಸ್ ಎಂಬ ತಂಡದಿಂದ ಪಡೆದುದಾಗಿ ಕರ್ಟ್ ಕೋಬೇನ್ ತಾನೇ ಹೇಳಿಕೊಂಡಿದ್ದ. ಮಾತುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲವೆಂದು ಬಹಳ ಜನ ಆಕ್ಷೇಪಿಸಿದ್ದಾರೆ. ನನಗೆ ಅದು ದೋಷವೆನಿಸುವುದಿಲ್ಲ. ಮನೆಯಲ್ಲಿ ಕೇಳಿದ್ದಕ್ಕೆಲ್ಲ "ಹೂಂ" ಎಂದು ಗೊಣಗುವ ಹುಡುಗ ಒಂದು ದಿನ ಕಾರಣವಿಲ್ಲದೆ ಕೂಗಾಡುತ್ತಾನಲ್ಲ, ಹಾಡಿನ ರಚನೆಯೇ ಅದು. 1994ರ ಏಪ್ರಿಲ್‌ನಲ್ಲಿ ಕೋಬೇನ್ ಇಪ್ಪತ್ತೇಳನೆಯ ವಯಸ್ಸಿನಲ್ಲೇ ಆತ್ಮಹತ್ಯೆ ಮಾಡಿಕೊಂಡ. ಹುಡುಗರಾಗಿ ನಮಗೆ ಅದರಲ್ಲಿ ಏನೋ ವೈಭವ ಕಂಡಿತ್ತು. ಹದಿಹರೆಯದ ಮಕ್ಕಳ ತಂದೆಯಾಗಿ ಕೇಳಿದರೆ ಆ ಗೊಣಗಾಟವೇ ಕೂಗಿಗಿಂತ ಹೆಚ್ಚು ಹೆದರಿಸುತ್ತದೆ. ವಯಸ್ಸಿನೊಡನೆ ಅರ್ಥ ಬದಲಿಸಬಲ್ಲ ಹಾಡು ಸಾಮಾನ್ಯವಾದುದಲ್ಲ.

ನಮ್ಮ ಕ್ಯಾಸೆಟ್‌ಗಳಲ್ಲಿ ಒಂದು ದೊಡ್ಡ ಕೊರತೆ ಇತ್ತು: ಹೆಣ್ಣಿನ ದನಿಯೇ ಇರಲಿಲ್ಲ. ಅದನ್ನು ತುಂಬಿದವಳು ನನ್ನ ತಂಗಿ. ಟೇಪ್‌ರಿಕಾರ್ಡರ್ ನನ್ನದೆಂಬ ಹಕ್ಕನ್ನು ಒಪ್ಪದೆ, ಐರ್ಲೆಂಡಿನ ಕ್ರ್ಯಾನ್‌ಬೆರೀಸ್ ತಂಡದ 'ಝಾಂಬಿ' (1994) ಹಾಡನ್ನು ತಂದು ಹಚ್ಚಿದಳು. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಾರಿಂಗ್‌ಟನ್‌ನಲ್ಲಿ ಐ.ಆರ್.ಎ. ಇಟ್ಟ ಬಾಂಬುಗಳಿಂದ ಇಬ್ಬರು ಬಾಲಕರು ಸತ್ತಾಗ ಡೊಲೊರೆಸ್ ಓರಿಯೋರ್ಡನ್ ಇದನ್ನು ಬರೆದರು. ಇದೂ ಒಂದು ಘಟನೆಯಿಂದಲೇ ಹುಟ್ಟಿದ ಹಾಡು. ಇಲ್ಲಿಯೂ ನಾಲ್ಕೇ ಸ್ವರಗುಚ್ಛಗಳು ಸುತ್ತುತ್ತವೆ. ಹಾಗಾದರೆ 'ವಿಂಡ್ ಆಫ್ ಚೇಂಜ್' ಸೊರಗಿದಲ್ಲಿ ಇದು ಉಳಿದದ್ದು ಹೇಗೆ? ಮೈನೆಯವರ ಹಾಡು ಇತಿಹಾಸ ಎತ್ತ ಹೊರಟಿದೆ ಎಂದು ಸಾರುತ್ತದೆ; ಓರಿಯೋರ್ಡನ್ನರದು ಮಗುವನ್ನು ಕಳೆದುಕೊಂಡ ತಾಯಿಯ ಪಕ್ಕ ಕೂಡುತ್ತದೆ. ಗಂಟಲು ಒಡೆದು ಮೇಲಕ್ಕೆ ಹಾರುವ ಆ ದನಿ ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಹಾಡಿಕೊಂಡು ಅಳುವ ಹೆಂಗಸರ ನೆನಪಾಗುತ್ತದೆ. ವಾರಿಂಗ್‌ಟನ್ ಎಲ್ಲಿದೆಯೆಂದು ಗೊತ್ತಿಲ್ಲದ ನಮ್ಮ ಅವ್ವ ಅಡಿಗೆಮನೆಯಿಂದ ಹೊರಬಂದು, "ಪಾಪ, ಯಾರ್ ಸತ್ತಾರವಾ?" ಎಂದು ತಂಗಿಯನ್ನು ಕೇಳಿದ್ದಳು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ. 2018ರಲ್ಲಿ ಓರಿಯೋರ್ಡನ್ ತೀರಿಕೊಂಡರು. ನಾಲ್ಕರಲ್ಲಿ ನನ್ನ ಮೊದಲ ಸ್ಥಾನ ಈ ಹಾಡಿಗೆ.

ಸಂಘದ ಕೂಟಗಳಲ್ಲಿ ಹಿರಿಯರು ಆಗಾಗ ಕೊರಗುವುದುಂಟು: ಮಕ್ಕಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂಡುತ್ತಾರೆ, ಕನ್ನಡ ಕೈತಪ್ಪಿತು ಎಂದು. ಅವರ ಭಯ ಸುಳ್ಳಲ್ಲ. ಧರ್ಮಶಾಲೆಯಲ್ಲೇ ಉಳಿದವರೂ ಇದ್ದಾರೆ. ಆದರೆ ಶಬ್ದ ತಿಳಿಯದೆಯೂ ಗಮನವಿಟ್ಟು ಕೇಳುವುದನ್ನು ನನಗೆ ಕಲಿಸಿದ್ದು ಈ ಹಾಡುಗಳೇ. ಅಪ್ಪ ಹಚ್ಚುತ್ತಿದ್ದ ವಿಲಂಬಿತ ಖ್ಯಾಲನ್ನು ಕೂತು ಕೇಳುವ ತಾಳ್ಮೆ ಬಂದದ್ದೂ ಆಮೇಲೆಯೇ. 2008ರಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೊ' ಪದವನ್ನು ಗಿಟಾರಿನೊಡನೆ ಹಾಡಿದಾಗ ಅಪ್ಪನೂ ನಾನೂ ಒಟ್ಟಿಗೇ ಕೇಳಿದೆವು. ಅವರು ಪದ ಹಿಡಿದು ಬಂದರು, ನಾನು ಗಿಟಾರ್ ಹಿಡಿದು ಬಂದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಕೇಳುತ್ತಿರುವ ಹಾಡನ್ನು ನೀವೂ ಒಮ್ಮೆ ಪೂರ್ತಿ ಕೇಳಿ. ಇಷ್ಟವಾಗದಿದ್ದರೆ ಯಾಕೆ ಆಗಲಿಲ್ಲವೆಂದು ಅವರಿಗೆ ಕನ್ನಡದಲ್ಲೇ ಹೇಳಿ. ಅವರ ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಜಗಳವಾದರೂ ಚಿಂತೆಯಿಲ್ಲ.