ಚೆಂಡು ಕೈಬಿಡುವ ಮುನ್ನ

ಅಮೆರಿಕನ್ ಫುಟ್‌ಬಾಲ್ ಹೊಸದಾಗಿ ನೋಡುವವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಐವತ್ತು ಗಜ ಹಾರಿ ಬಂದ ಚೆಂಡು ಓಡುವವನ ಕೈಗೆ ನೇರ ಬಿದ್ದಾಗ ಮೈ ಜುಮ್ಮೆನ್ನುವುದು ಸಹಜವೇ. ಆದರೆ ಕಾಲೇಜಿನಲ್ಲಿ ಆಡುವ ಕ್ವಾರ್ಟರ್‌ಬ್ಯಾಕ್ ಒಬ್ಬ ನಾಳೆ ವೃತ್ತಿಪರ ತಂಡವನ್ನು ನಡೆಸಬಲ್ಲನೇ ಎಂದು ಅಳೆಯುವ ರುಚಿ ಹತ್ತಬೇಕಾದರೆ, ಚೆಂಡನ್ನು ಬಿಟ್ಟು ಆ ಹುಡುಗನನ್ನು ನೋಡಬೇಕು. ಚೆಂಡು ಅವನ ಕೈ ಸೇರಿದ ಗಳಿಗೆಯಿಂದ ಕೈಬಿಡುವ ಗಳಿಗೆಯವರೆಗೆ ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡು. ನೋಡಬೇಕಾದದ್ದೆಲ್ಲ ಅಷ್ಟರೊಳಗೇ ನಡೆದುಹೋಗುತ್ತದೆ.

ಮೊದಲು ಒಂದಿಷ್ಟು ಹಿನ್ನೆಲೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್ಎಫ್ಎಲ್‌ನ 32 ತಂಡಗಳು ಪ್ರತಿ ಏಪ್ರಿಲ್‌ನಲ್ಲಿ ನಡೆಯುವ ಡ್ರಾಫ್ಟ್‌ನಲ್ಲಿ ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಇದು ನಮ್ಮ ಐಪಿಎಲ್‌ನಂಥ ಹರಾಜಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಉಳಿದ ತಂಡಕ್ಕೆ ಮೊದಲ ಸರದಿ. ಹನ್ನೊಂದು ಜನರ ಆಕ್ರಮಣ ಪಡೆಯಲ್ಲಿ ಹೆಚ್ಚುಕಮ್ಮಿ ಪ್ರತಿ ಬಾರಿಯೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಹಾಗಾಗಿ ಈ ಒಂದು ಆಯ್ಕೆ ತಪ್ಪಿದರೆ ಕೋಚ್ ಕೆಲಸ ಕಳೆದುಕೊಳ್ಳುತ್ತಾನೆ, ತಂಡ ವರ್ಷಗಟ್ಟಲೆ ಮೇಲೇಳುವುದಿಲ್ಲ.

ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ‘ಕಂಬೈನ್’ ಎಂಬ ಪರೀಕ್ಷೆ ನಡೆಯುತ್ತದೆ. ಎತ್ತರ, ತೂಕ, ಅಂಗೈಯ ಅಗಲ, 40 ಗಜದ ಓಟ ಎಲ್ಲವನ್ನೂ ಅಲ್ಲಿ ಅಳೆಯುತ್ತಾರೆ. ಈ ಅಂಕಿಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. 2000ನೇ ಇಸವಿಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ ಆ ಓಟವನ್ನು 5.28 ಸೆಕೆಂಡಿನಲ್ಲಿ ಕುಂಟುತ್ತಾ ಸಾಗಿದಂತೆ ಓಡಿದರು. ಅವರಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಅವರ ಸರದಿ ಬಂದದ್ದು ಆರನೇ ಸುತ್ತಿನಲ್ಲಿ, 199ನೆಯವರಾಗಿ. ಆದರೆ ಅದೇ ವರ್ಷದ ಜನವರಿ 1ರಂದು ಆರೆಂಜ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ಅಲಬಾಮಾ ವಿರುದ್ಧ ಎರಡು ಬಾರಿ 14 ಅಂಕ ಹಿಂದೆ ಬಿದ್ದ ತಂಡವನ್ನು ಎತ್ತಿ ನಿಲ್ಲಿಸಿ, 369 ಗಜ ಎಸೆದು, ಹೆಚ್ಚುವರಿ ಅವಧಿಯಲ್ಲಿ 35–34ರಿಂದ ಗೆಲ್ಲಿಸಿದ್ದವರು ಇದೇ ಬ್ರೇಡಿ. ಮುಂದೆ ಅವರು ಎನ್ಎಫ್ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದದ್ದು ಏಳು ಬಾರಿ. ಬೇಕಾಗಿದ್ದ ಸಾಕ್ಷ್ಯ ಆ ಕಾಲೇಜು ಪಂದ್ಯದಲ್ಲೇ ಇತ್ತು.

ಹಾಗಾದರೆ ಪಂದ್ಯದಲ್ಲಿ ಏನನ್ನು ನೋಡಬೇಕು? ಮೊದಲು ಕಾಲು. ಒಳ್ಳೆಯ ಬ್ಯಾಟ್ಸ್‌ಮನ್‌ನನ್ನು ಕಾಲಿನ ಚಲನೆಯಿಂದ ಗುರುತಿಸುವವರಿಗೆ ಇದು ಬೇಗ ಒಲಿಯುತ್ತದೆ. ಐವರು ಭಾರೀ ಆಳುಗಳು ಅವನ ಮುಂದೆ ಕಟ್ಟುವ ರಕ್ಷಣೆಯ ಜಾಗಕ್ಕೆ ‘ಪಾಕೆಟ್’ ಎನ್ನುತ್ತಾರೆ. ಅದು ಗಟ್ಟಿಯಾಗಿದ್ದರೂ ಗಾಬರಿಬಿದ್ದು ಹೊರಗೆ ಓಡುವವನ ಮೇಲೆ ಸಂದೇಹವಿರಲಿ. ಬದಿಯಿಂದ ಒಬ್ಬ ನುಗ್ಗಿದಾಗ ಒಂದೇ ಹೆಜ್ಜೆ ಮುಂದಿಟ್ಟು ಅವನನ್ನು ಹಿಂದೆ ಸಾಗಹಾಕಿ, ಕಣ್ಣು ಮಾತ್ರ ಮೈದಾನದ ಆಚೆಯೇ ನೆಟ್ಟವನಿದ್ದರೆ, ಅವನ ಹೆಸರು ಬರೆದಿಟ್ಟುಕೊಳ್ಳಿ.

ನಂತರ ಕಣ್ಣು. ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಇದು ಮೂರನೆಯದು, ಇನ್ನೂ ಎಂಟು ಗಜ ಬೇಕು. ಎದುರಾಳಿಯ ಕೊನೆಯ ಸಾಲಿನ ರಕ್ಷಕರಾದ ಇಬ್ಬರು ‘ಸೇಫ್ಟಿ’ಗಳು ಬಹಳ ಹಿಂದೆ, ಎಡಕ್ಕೊಬ್ಬ ಬಲಕ್ಕೊಬ್ಬ ನಿಂತಿದ್ದಾರೆ. ನಡು ಖಾಲಿ, ಅಲ್ಲಿಗೇ ಎಸೆ ಎಂದು ಕರೆಯುವಂತಿದೆ. ಚೆಂಡು ಕೈಗೆ ಬಂದದ್ದೇ ತಡ, ಒಬ್ಬ ಸೇಫ್ಟಿ ಸರ್ರನೆ ಕೆಳಗಿಳಿಯುತ್ತಾನೆ, ಇನ್ನೊಬ್ಬ ನಡುವಿಗೆ ಸರಿಯುತ್ತಾನೆ. ಖಾಲಿಯಿದ್ದ ಜಾಗ ಈಗ ಬೋನು. ಮೊದಲೇ ತೀರ್ಮಾನಿಸಿ ಬಂದ ಹುಡುಗ ಅಲ್ಲಿಗೇ ಎಸೆದು ಚೆಂಡನ್ನು ಎದುರಾಳಿಗೆ ಒಪ್ಪಿಸುತ್ತಾನೆ. ಪಳಗಿದವನು ಆ ಚಲನೆಯನ್ನು ಹಿಂದೆ ಸರಿಯುತ್ತಲೇ ಓದಿ, ಕಣ್ಣನ್ನು ಅಂಚಿನ ಗೆರೆಯ ಕಡೆ ತಿರುಗಿಸಿ, ಚೆಂಡು ಹಿಡಿಯಲು ಅಲ್ಲಿ ಓಡುತ್ತಿರುವ ರಿಸೀವರ್ ಇನ್ನೂ ತಿರುಗುವ ಮೊದಲೇ ಎಸೆದಿರುತ್ತಾನೆ. ರಿಸೀವರ್ ತಿರುಗಿದಾಗ ಚೆಂಡು ಎದೆಯ ಹತ್ತಿರ ಬಂದಿರುತ್ತದೆ. ಇಂಥ ಎಸೆತ ಹನ್ನೆರಡೇ ಗಜದ್ದಿರಬಹುದು, ಮುಖ್ಯಾಂಶಗಳಲ್ಲಿ ಕಾಣಿಸದೆಯೂ ಹೋಗಬಹುದು. ನನ್ನ ಮಟ್ಟಿಗೆ ಈ ಆಟದಲ್ಲಿ ಇದಕ್ಕಿಂತ ಚೆಂದದ ದೃಶ್ಯವಿಲ್ಲ. ಟಿವಿಯ ಮಾಮೂಲಿ ಕ್ಯಾಮೆರಾದಲ್ಲಿ ಸೇಫ್ಟಿಗಳು ಚೌಕಟ್ಟಿನ ಹೊರಗಿರುತ್ತಾರೆ. 22 ಮಂದಿಯೂ ಕಾಣುವಂತೆ ಮೇಲಿನಿಂದ ತೆಗೆದ ‘ಆಲ್-22’ ಚಿತ್ರೀಕರಣ ಸಿಕ್ಕರೆ ಬಿಡಬೇಡಿ.

ತೋಳಿನ ಬಲ ನೋಡಲು ಕಾಲೇಜು ಮೈದಾನವೇ ಒಳ್ಳೆಯ ಜಾಗ. ಪ್ರತಿ ಪ್ರಯತ್ನ ಶುರುವಾಗುವುದು ನಡುವಿನ ಎರಡು ಗೆರೆಸಾಲುಗಳ ಮೇಲೆ ಇಲ್ಲವೇ ಅವುಗಳ ನಡುವೆ. ಕಾಲೇಜಿನಲ್ಲಿ ಆ ಸಾಲುಗಳ ಅಂತರ 40 ಅಡಿ, ಎನ್ಎಫ್ಎಲ್‌ನಲ್ಲಿ 18 ಅಡಿ 6 ಇಂಚು. ಹಾಗಾಗಿ ಕಾಲೇಜಿನಲ್ಲಿ ಎಡ ಸಾಲಿನಿಂದ ಬಲ ಅಂಚಿಗೆ ಅಡ್ಡಗಲವೇ 33 ಗಜ. ಅಷ್ಟು ದೂರಕ್ಕೆ ಚೆಂಡು ಕಮಾನು ಕಟ್ಟದೆ ನೇರ ಹೋಯಿತೇ, ಗಮನಿಸಿ. ಬರೀ ಬಲ ನಂಬಿ ಕೆಟ್ಟವರೂ ಇದ್ದಾರೆ. 2007ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್ ಅವರ ತೋಳು ಕಂಡು ಎಲ್ಲರೂ ಬೆರಗಾಗಿದ್ದರು. ಅವರ ವೃತ್ತಿ ಮೂರೇ ಋತುವಿಗೆ ಮುಗಿಯಿತು.

ಅಂಕಿ-ಅಂಶ ಓದುವಾಗಲೂ ಎಚ್ಚರವಿರಲಿ. ಪಕ್ಕದಲ್ಲಿ ನಿಂತವನಿಗೆ ಕೊಟ್ಟ ಎರಡು ಗಜದ ಪಾಸ್ ಅವನು ಓಡಿದ್ದರಿಂದ ಮೂವತ್ತು ಗಜವಾದರೆ, ಅದೂ ಎಸೆದವನ ಲೆಕ್ಕಕ್ಕೇ ಸೇರುತ್ತದೆ. 2016ರಲ್ಲಿ ಟೆಕ್ಸಾಸ್ ಟೆಕ್ ಪರ ಪ್ಯಾಟ್ರಿಕ್ ಮಹೋಮ್ಸ್ ಒಕ್ಲಹೋಮಾ ವಿರುದ್ಧ ಒಂದೇ ಪಂದ್ಯದಲ್ಲಿ 734 ಗಜ ಎಸೆದರು, ತಂಡ 66–59ರಿಂದ ಸೋತಿತು. ಸದಾ ಪಾಸ್ ಮಾಡುವ ಪದ್ಧತಿಯ ಕೂಸು ಎಂದು ಹಲವರು ಮೂಗು ಮುರಿದರು. ಮರುವರ್ಷ ಷಿಕಾಗೊ ಬೇರ್ಸ್ ಎರಡನೇ ಸರದಿಯಲ್ಲಿ ಆರಿಸಿದ್ದು ಕಾಲೇಜಿನಲ್ಲಿ 13 ಪಂದ್ಯಗಳನ್ನಷ್ಟೇ ಆರಂಭದಿಂದ ಆಡಿದ್ದ ಮಿಚೆಲ್ ಟ್ರುಬಿಸ್ಕಿಯವರನ್ನು. ಮಹೋಮ್ಸ್ ಹತ್ತನೆಯವರಾಗಿ ಕ್ಯಾನ್ಸಸ್ ಸಿಟಿ ಸೇರಿದರು.

ಸೇರಿದ ಮೇಲೆ ನಡೆದದ್ದು ಇನ್ನೂ ಮುಖ್ಯ. ಮಹೋಮ್ಸ್ ಅವರನ್ನು ಕೋಚ್ ಆಂಡಿ ರೀಡ್ ಒಂದು ವರ್ಷ ಅನುಭವಿ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿ ಕಲಿಸಿದರು, ಕೊನೆಯ ಪಂದ್ಯವೊಂದನ್ನು ಬಿಟ್ಟು. 2018ರಲ್ಲಿ ಮಹೋಮ್ಸ್ 50 ಟಚ್‌ಡೌನ್ ಎಸೆದರು. ವಯೊಮಿಂಗ್‌ನ ಜಾಷ್ ಅಲೆನ್ ಅವರ ಕಾಲೇಜು ಪಾಸ್‌ಗಳು ನೂರಕ್ಕೆ ಐವತ್ತಾರರಷ್ಟೇ ಗುರಿ ಸೇರುತ್ತಿದ್ದವು. ಗುರಿ ಕಲಿಸಿ ಬರುವಂಥದ್ದಲ್ಲ ಎಂದು ಹೇಳಿದವರೇ ಹೆಚ್ಚು. ಬಫಲೊ ತಂಡದಲ್ಲಿ ಅವರು ಕಾಲು-ಸೊಂಟದ ಚಲನೆ ತಿದ್ದಿಕೊಂಡ ಮೇಲೆ, 2020ರಲ್ಲಿ ಆ ಪ್ರಮಾಣ 69ರ ಹತ್ತಿರ ಬಂತು. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆಯಾಗಿದ್ದ ಬ್ರಾಕ್ ಪರ್ಡಿ ಮರುಋತುವಿನಲ್ಲೇ ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದರು. ಆದ್ದರಿಂದ ಹುಡುಗ ಎಷ್ಟು ಒಳ್ಳೆಯವನು ಎಂಬುದರ ಜೊತೆಗೆ ಅವನನ್ನು ಯಾರು ಬೆಳೆಸುತ್ತಾರೆ ಎಂಬುದನ್ನೂ ಕೇಳಲೇಬೇಕು. ಬಲಹೀನ ತಂಡಕ್ಕೇ ಮೊದಲ ಸರದಿ ಸಿಗುವ ಈ ಪದ್ಧತಿಯಲ್ಲಿ ಒಳ್ಳೆಯ ಹುಡುಗರು ಹಲವು ಬಾರಿ ಸಲ್ಲದ ಕೈಗೆ ಸಿಕ್ಕಿ ನಲುಗುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಬರುವ ಋತುವಿನಲ್ಲಿ ಒಬ್ಬನೇ ಹುಡುಗನನ್ನು ಆರಿಸಿಕೊಳ್ಳಿ. ಅವನ ನಾಲ್ಕು ಪಂದ್ಯ ಪೂರ್ತಿ ನೋಡಿ, ಅದರಲ್ಲಿ ಒಂದಾದರೂ ಸೋತದ್ದಿರಲಿ. ನಿಮ್ಮ ಅಭಿಪ್ರಾಯವನ್ನು ಡ್ರಾಫ್ಟ್‌ಗೆ ಮುಂಚೆ ಕಾಗದದ ಮೇಲೆ ಬರೆದಿಡಿ, ತಜ್ಞರ ಪಟ್ಟಿಯನ್ನು ಆಮೇಲೆ ಓದಿ. ಅವನು ವೃತ್ತಿಪರ ಆಟದಲ್ಲಿ ಮೂರು ವರ್ಷ ಪೂರೈಸುವ ತನಕ ತೀರ್ಪು ಮಾತ್ರ ಕೊಡಬೇಡಿ.