ಕೇಳಲು ನಾಚಿದವನ ವಾಚು

ಮಾರ್ಕ್ ಟ್ವೇನ್‌ನ ‘ಮೈ ವಾಚ್’ ಎಂಬ ಪುಟ್ಟ ಬರಹವನ್ನು ಬಿ.ಎ. ಓದುವಾಗ ಮೊದಲ ಸಲ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಕಳೆದ ತಿಂಗಳು ಮತ್ತೆ ಓದಿದಾಗ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಕಾರಣ ಒಂದು ವಾಚು. ದೊಡ್ಡಪ್ಪ ಕೊಟ್ಟ ಸ್ವಿಸ್ ವಾಚದು. ನನ್ನ ಬಳಿ ಇರುವ ಒಂದೇ ದುಬಾರಿ ವಸ್ತು. ಚೆನ್ನಾಗಿಯೇ ನಡೆಯುತ್ತಿತ್ತು. ಬಹಳ ವರ್ಷವಾಯಿತಲ್ಲ, ಒಮ್ಮೆ ತೆಗೆಸಿ ಎಣ್ಣೆ ಹಾಕಿಸೋಣ ಎಂದು ಸರ್ವಿಸ್‌ಗೆ ಕೊಟ್ಟೆ. ವಾಪಸು ಬಂದಾಗ ಗಾಜಿನ ಒಳಗೆ, ಡಯಲ್ ಮೇಲೆ, ಕೂದಲೆಳೆಯಂಥ ಗೀರು. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಅಂಗಡಿಯವರು ಯಾವುದೋ ಭಾಗದ ಹೆಸರು ಹೇಳಿ, ಅದು ಮೊದಲೇ ಹೋಗಿತ್ತು ಎಂದರು. ನಾನು ‘ಹೌದಾ’ ಎಂದು ತಲೆಯಾಡಿಸಿ, ದುಡ್ಡು ಕೊಟ್ಟು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಟ್ವೇನ್ ನೆನಪಾದ.

1870ರ ಸುಮಾರಿಗೆ ಬರೆದ ಈ ಬರಹ 1875ರ ‘ಸ್ಕೆಚಸ್ ನ್ಯೂ ಅಂಡ್ ಓಲ್ಡ್’ ಸಂಕಲನದಲ್ಲಿದೆ. ನಿರೂಪಕನ ಹೊಸ ವಾಚು ಹದಿನೆಂಟು ತಿಂಗಳು ಒಂದಿಷ್ಟೂ ತಪ್ಪದೆ ನಡೆದಿರುತ್ತದೆ. ಒಂದು ರಾತ್ರಿ ಕೀ ಕೊಡಲು ಮರೆತು ಅದು ನಿಲ್ಲುತ್ತದೆ. ಸರಿಯಾದ ವೇಳೆ ಇಡಿಸಲು ಹೋದರೆ, ಕೇಳದಿದ್ದರೂ ರಿಪೇರಿ ಶುರುವಾಗುತ್ತದೆ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದಂತೆ ವಾಚಿನ ಸ್ಥಿತಿ ಹದಗೆಡುತ್ತದೆ. ಕೊನೆಗೆ ಲೆಕ್ಕ ಹಾಕಿದರೆ, ಇನ್ನೂರು ಡಾಲರ್ ವಾಚಿಗೆ ಎರಡು ಮೂರು ಸಾವಿರ ಡಾಲರ್ ರಿಪೇರಿ ಖರ್ಚು.

ಅರೆಬರೆ ಕಲಿತ ಕೆಲಸಗಾರರ ಮೇಲಿನ ಲೇವಡಿ ಎಂದೇ ಇದನ್ನು ಓದುವುದು ವಾಡಿಕೆ. ನಾನೂ ಹಾಗೇ ಓದಿದ್ದೆ. ಈಗ ಅನ್ನಿಸುವುದು, ಇದು ಪರಿಭಾಷೆಯ ಮುಂದೆ ಬಾಯಿ ಕಟ್ಟಿಹೋದವನ ಕಥೆ ಎಂದು.

ಮೊದಲ ರಿಪೇರಿಯನ್ನೇ ನೋಡಿ. ವಾಚು ನಾಲ್ಕು ನಿಮಿಷ ಹಿಂದಿದೆ, ರೆಗ್ಯುಲೇಟರ್ ಸರಿಸಬೇಕು ಎನ್ನುತ್ತಾನೆ ಅಂಗಡಿಯವನು. ಆದರೆ ಆ ನಾಲ್ಕು ನಿಮಿಷ ಎಲ್ಲಿಂದ ಬಂತು? ವಾಚು ನಿಂತಾಗ ನಿರೂಪಕನೇ ಅಂದಾಜಿನ ಮೇಲೆ ಮುಳ್ಳು ತಿರುಗಿಸಿ ಇಟ್ಟಿದ್ದ. ಈ ಮಾತು ಕಥೆಯ ಆರಂಭದಲ್ಲೇ, ಕಣ್ಣು ತಪ್ಪಿಸಿಕೊಂಡು ಹೋಗುವಂತೆ ಬರುತ್ತದೆ. ಅಂದರೆ ತಪ್ಪು ಯಂತ್ರದ್ದಲ್ಲ, ಅಂದಾಜಿನದು. ನಿರೂಪಕ ಅದನ್ನು ತಡೆಯಲು ಪರದಾಡುತ್ತಾನೆ. ಅಂಗಡಿಯವನಿಗೆ ಕಾಣುವುದು ನಾಲ್ಕು ನಿಮಿಷ ಮಾತ್ರ. ವಸ್ತುವಿನ ಹಿಂದಿನ ಕಥೆ ಕೇಳದೆ, ಎದುರಿಗೆ ಕಂಡ ಲಕ್ಷಣಕ್ಕೇ ಮದ್ದು ಮಾಡುವುದರಿಂದ ಹಾಳು ಶುರುವಾಗುತ್ತದೆ. ಅಲ್ಲಿ ಕೈ ಜಾರುವುದಕ್ಕೆ ಮೊದಲು ಕಿವಿ ಮುಚ್ಚಿದೆ.

ಮುಂದೆ ಬರುವ ಉತ್ಪ್ರೇಕ್ಷೆಯೂ ಬರೀ ಗಾಳಿಯಲ್ಲಿ ಹಾರಿಸಿದ್ದಲ್ಲ. ರೆಗ್ಯುಲೇಟರ್ ಎಂದರೆ ಕೂದಲಿನಂಥ ಸ್ಪ್ರಿಂಗಿನ ದುಡಿಯುವ ಉದ್ದವನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ಸನ್ನೆ. ಉದ್ದ ಕಡಿಮೆಯಾದರೆ ವಾಚು ಬೇಗ ಓಡುತ್ತದೆ. ಅದರಿಂದ ದಿನಕ್ಕೆ ಕೆಲವು ನಿಮಿಷದ ವ್ಯತ್ಯಾಸ ಮಾಡಬಹುದು. ಟ್ವೇನ್‌ನ ವಾಚು ಎರಡು ತಿಂಗಳಲ್ಲಿ ಹದಿಮೂರು ದಿನ ಮುಂದೆ ಹೋಗುತ್ತದೆ. ಅಂದರೆ ದಿನಕ್ಕೆ ಸುಮಾರು ಐದು ಗಂಟೆ! ಆಮೇಲೆ ಇನ್ನೊಬ್ಬ ತೊಳೆದು ಎಣ್ಣೆ ಹಾಕಿದ ಮೇಲೆ ಎಷ್ಟು ನಿಧಾನವಾಗುತ್ತದೆಂದರೆ, ಜಗತ್ತೆಲ್ಲ ಮುಂದೆ ಹೋಗಿ ನಿರೂಪಕನೊಬ್ಬನೇ ಹಿಂದಿನ ವಾರದ ಹಿಂದಿನ ವಾರದಲ್ಲಿ ಉಳಿದುಬಿಡುತ್ತಾನೆ. ಇಲ್ಲಿ ನಗುವಿನ ಅಡಿಯಲ್ಲಿ ಒಂದು ಒಂಟಿತನವಿದೆ. ಕೆಟ್ಟಿರುವುದು ವಾಚು, ಊರಿನಿಂದ ಬೇರೆಯಾದವನು ಅದನ್ನು ನಂಬಿದವನು.

ಕಥೆಯ ಕೀಲು ಇರುವುದು ನಡುವೆ. ಒಬ್ಬ ರಿಪೇರಿಯವನು ಕಿಂಗ್‌ಬೋಲ್ಟ್ ಮುರಿದಿದೆ ಎನ್ನುತ್ತಾನೆ. ಅಷ್ಟೇ ತಾನೆ ಎಂದು ನಿರೂಪಕ ಸಮಾಧಾನಪಡುತ್ತಾನೆ. ಮರುಕ್ಷಣ ನಮ್ಮ ಕಿವಿಯಲ್ಲಿ ಒಪ್ಪಿಕೊಳ್ಳುತ್ತಾನೆ: ಕಿಂಗ್‌ಬೋಲ್ಟ್ ಏನೆಂದು ಅವನಿಗೆ ಗೊತ್ತೇ ಇಲ್ಲ, ಆದರೆ ಪರಿಚಯವಿಲ್ಲದವನ ಮುಂದೆ ದಡ್ಡನಂತೆ ಕಾಣುವುದು ಬೇಡವಾಗಿತ್ತು. ಅಂಗಡಿಯಲ್ಲಿ ನಾನು ‘ಹೌದಾ’ ಎಂದದ್ದು ಇದೇ ಅಲ್ಲವೇ?

ಕಿಂಗ್‌ಬೋಲ್ಟ್ ವಾಚಿನ ಭಾಗವೇ ಅಲ್ಲ. ಕುದುರೆಗಾಡಿಯ ಮುಂದಿನ ಅಚ್ಚನ್ನು ಗಾಡಿಗೆ ಸೇರಿಸುವ ದಪ್ಪ ಬೋಲ್ಟದು. ಇದು ಗೊತ್ತಾದ ಮೇಲೆ ಉಳಿದ ಮಾತುಗಳೂ ಬಿಚ್ಚಿಕೊಳ್ಳುತ್ತವೆ. ಮತ್ತೊಬ್ಬ ಹೇಳುವ ಹೇರ್ ಟ್ರಿಗರ್ ಬಂದೂಕಿನದು. ಇನ್ನೊಬ್ಬ ಯಂತ್ರಕ್ಕೆ ಅರ್ಧ ಅಟ್ಟೆ ಹಾಕಬೇಕೆನ್ನುತ್ತಾನೆ, ಅದು ಬೂಟಿನ ಕೆಲಸ. ಕಥೆಯ ಕೊನೆಗೆ ಬರುವ ವಿಲಿಯಂ ಮಾವ, ಸೋತುಹೋದ ಬಂದೂಕಿನವರು, ಬೂಟು ಹೊಲಿಯುವವರು, ಕಮ್ಮಾರರು, ಎಂಜಿನಿಯರುಗಳೆಲ್ಲ ಏನಾದರೋ ಎಂದು ಅಚ್ಚರಿಪಡುತ್ತಿದ್ದನಂತೆ. ಉತ್ತರವನ್ನು ಟ್ವೇನ್ ಹೇಳುವುದಿಲ್ಲ, ಆಗಲೇ ಕಥೆಯುದ್ದಕ್ಕೂ ಇಟ್ಟುಬಿಟ್ಟಿದ್ದಾನೆ. ಆದರೆ ಕಿಂಗ್‌ಬೋಲ್ಟ್ ಎಂದರೇನೆಂದು ನೋಡದೆ ಮುಂದೆ ಹೋದ ಓದುಗನಿಗೆ ಅದು ದಕ್ಕುವುದಿಲ್ಲ. ಹತ್ತು ವರ್ಷದ ಹಿಂದೆ ನಾನು ಹಾಗೇ ದಾಟಿ ಹೋಗಿದ್ದೆ. ನಿರೂಪಕನ ಮೇಲೆ ನಗುತ್ತಿದ್ದ ನಾನೂ ಅವನ ಜಾಗದಲ್ಲೇ ನಿಂತಿದ್ದೆ.

ಐದು ವರ್ಷ ಮೊದಲು, 1865ರಲ್ಲಿ ಬಂದ ಲೂಯಿಸ್ ಕ್ಯಾರೊಲ್‌ನ ‘ಆಲಿಸ್’ ಕಥೆಯಲ್ಲೂ ಕೆಟ್ಟ ವಾಚೊಂದಿದೆ. ಮೊಲ ಅದರ ಯಂತ್ರಕ್ಕೆ ಬೆಣ್ಣೆ ಸವರಿರುತ್ತದೆ. ಬೈದರೆ, ಬೆಣ್ಣೆ ಉತ್ತಮ ದರ್ಜೆಯದಾಗಿತ್ತಲ್ಲ ಎಂದು ಮುಖ ಸಣ್ಣದು ಮಾಡುತ್ತದೆ. ಕ್ಯಾರೊಲ್‌ನಲ್ಲಿ ವಾಚಿನೊಡೆಯ ಟೋಪಿವಾಲ ಜಗಳಕ್ಕಾದರೂ ನಿಲ್ಲುತ್ತಾನೆ. ಬೆಣ್ಣೆಯನ್ನು ಬೆಣ್ಣೆ ಎನ್ನುತ್ತಾನೆ. ಟ್ವೇನ್‌ನ ಲೋಕದಲ್ಲಿ ಬೆಣ್ಣೆಗೆ ದೊಡ್ಡ ಹೆಸರೊಂದು ಸಿಕ್ಕಿದೆ, ಆದ್ದರಿಂದ ಯಾರೂ ಪ್ರಶ್ನಿಸುವುದಿಲ್ಲ.

ಹಾಗಾದರೆ ನಿರೂಪಕನಿಗೆ ಮೋಸ ಗೊತ್ತಾಗುವುದು ಯಾವಾಗ? ಕೊನೆಯ ರಿಪೇರಿಯವನು ಹಿಂದೆ ಉಗಿದೋಣಿಯಲ್ಲಿ ಎಂಜಿನಿಯರನಾಗಿದ್ದವನು, ಅದೂ ಒಳ್ಳೆಯ ಎಂಜಿನಿಯರನಲ್ಲ ಎಂದು ಗುರುತು ಸಿಕ್ಕಾಗ. ಅವನು ವಾಚಿನಲ್ಲಿ ಉಗಿ ಜಾಸ್ತಿಯಾಗಿದೆ ಎನ್ನುತ್ತಾನೆ. ಟ್ವೇನ್ ಸ್ವತಃ ಮಿಸಿಸಿಪ್ಪಿ ನದಿಯಲ್ಲಿ ಉಗಿದೋಣಿ ನಡೆಸಿದವನು. ತನಗೆ ಗೊತ್ತಿರುವ ಕಸುಬಿನ ಮಾತು ಬಂದಾಗ ಮಾತ್ರ ಕಣ್ಣು ತೆರೆಯುತ್ತದೆ. ಅಲ್ಲಿಯವರೆಗೆ ಬಂದ ಮಾತುಗಳೂ ಇಷ್ಟೇ ಅಸಂಬದ್ಧವಾಗಿದ್ದವು. ನಿರೂಪಕ ಆ ಮನುಷ್ಯನನ್ನು ಅಲ್ಲೇ ಹೊಡೆದು ಕೊಂದು, ತನ್ನ ಖರ್ಚಿನಲ್ಲೇ ಹೂಳಿಸುತ್ತಾನೆ. ಈ ಬಿಲ್ಲೂ ಅವನದೇ!

ಬರಹದ ಮಿತಿಯೂ ಇಲ್ಲೇ ಇದೆ. ಸಿಟ್ಟೆಲ್ಲ ಕೆಲಸಗಾರನ ತಲೆಯ ಮೇಲೆ ಬೀಳುತ್ತದೆ. ಕೇಳದೆ ಉಳಿದ ತನ್ನ ಮೌನವನ್ನು ನಿರೂಪಕ ಒಂದೇ ವಾಕ್ಯದಲ್ಲಿ ಒಪ್ಪಿ ಮುಂದೆ ಹೋಗುತ್ತಾನೆ. ಟ್ವೇನ್‌ನ ಬದುಕು ಆ ವಾಕ್ಯವನ್ನು ಇನ್ನೂ ಉದ್ದ ಬರೆಯಿತು. ಮುಂದೆ ಪೇಜ್ ಎಂಬಾತನ ಅಚ್ಚುಮೊಳೆ ಜೋಡಿಸುವ ಯಂತ್ರಕ್ಕೆ ಅವನು ವರ್ಷಗಟ್ಟಲೆ ಹಣ ಸುರಿದ. ಪೇಜ್ ಇನ್ನೂ ಸರಿಮಾಡಬೇಕು, ಇನ್ನೂ ಸರಿಮಾಡಬೇಕು ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಲೈನೋಟೈಪ್ ಮಾರುಕಟ್ಟೆ ಹಿಡಿಯಿತು. 1894ರಲ್ಲಿ ಟ್ವೇನ್ ದಿವಾಳಿಯಾದ.

ಸಂಶೋಧನೆ ಮಾಡುವ ನಮ್ಮಂಥವರಿಗೆ ಈ ಬರಹ ಚುಚ್ಚುವುದು ಇದಕ್ಕೇ. ಸೆಮಿನಾರುಗಳಲ್ಲಿ ಎಷ್ಟು ಕಿಂಗ್‌ಬೋಲ್ಟುಗಳಿಗೆ ತಲೆಯಾಡಿಸಿದ್ದೇನೆ! ಅದಕ್ಕಿಂತ ಕೆಟ್ಟದ್ದು, ಚೆನ್ನಾಗಿ ನಡೆಯುತ್ತಿದ್ದ ಕವಿತೆಯೊಂದರ ಹಿನ್ನೆಲೆ ಕೇಳದೆ, ಕಂಡ ನಾಲ್ಕು ನಿಮಿಷಕ್ಕೆ ಬೇರೆ ಕಸುಬಿನ ಪದ ತಂದು ನಾನೂ ರಿಪೇರಿ ಮಾಡಿದ್ದೇನೆ. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಅಂಥ ಗೀರುಗಳಿವೆ. ಅವನ್ನೀಗ ಅಳಿಸುತ್ತಿದ್ದೇನೆ.

ಮೊನ್ನೆ ಮತ್ತೆ ಅಂಗಡಿಗೆ ಹೋಗಿ, ಮೊದಲೇ ಹೋಗಿತ್ತು ಎಂದಿರಲ್ಲ, ಆ ಭಾಗ ತೋರಿಸಿ ಎಂದೆ. ಎಸೆದುಬಿಟ್ಟೆವು ಎಂದರು. ಹಾಗಾದರೆ ಅದು ಏನು ಕೆಲಸ ಮಾಡುತ್ತದೆ ಹೇಳಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವಾಚು ಬಿಟ್ಟು ಹೋಗಿ, ದುಡ್ಡು ತಗೊಳ್ಳದೆ ಇನ್ನೊಮ್ಮೆ ಬಿಚ್ಚಿ ನೋಡುತ್ತೇವೆ ಎಂದರು.

ಬಿಟ್ಟು ಬರಲಿಲ್ಲ. ದಿನಾ ಬೆಳಿಗ್ಗೆ ಹತ್ತು ನಿಮಿಷ ಮುಂದೆ ತಿರುಗಿಸಿ ಕಟ್ಟಿಕೊಳ್ಳುತ್ತೇನೆ.